ಹೂಂ ಮಿಸ್

ಏಣಿ ಕಾಣಿಸುತ್ತಿಲ್ಲ ಎಂದು ಪಿ.ಟಿ. ಮೇಷ್ಟ್ರು ಬಂದು ಹೇಳಿದಾಗ ಅವಳಿಗೆ ಮೊದಲು ನೆನಪಾದದ್ದು ಆ ಹುಡುಗಿಯ ಮುಖವಲ್ಲ. ಸ್ವಲ್ಪ ಹೊತ್ತಿನ ಹಿಂದೆ ತನ್ನ ಎಡಭುಜದ ಹತ್ತಿರ ಯಾರೋ ನಿಂತು ಏನನ್ನೋ ಕೇಳಿದ್ದು. ಏನು ಕೇಳಿದ್ದು ಎಂಬುದು ಎಷ್ಟು ಎಳೆದರೂ ಬರಲಿಲ್ಲ. ತಾನು ಹೂಂ ಅಂದದ್ದು ಮಾತ್ರ ಸ್ಪಷ್ಟವಾಗಿ ನೆನಪಿತ್ತು. ಆಗ ಅವಳು ಹಳೆಯ ಅರಮನೆಯ ಆಯುಧದ ಕೋಣೆಯಲ್ಲಿ, ತುಕ್ಕು ಹಿಡಿದ ಕತ್ತಿಗಳನ್ನಿಟ್ಟ ಗಾಜಿನ ಪೆಟ್ಟಿಗೆಯ ಮುಂದೆ, ಬಲಗಿವಿಗೆ ಫೋನು ಒತ್ತಿಕೊಂಡು ನಿಂತಿದ್ದಳು. ಫೋನಿನಲ್ಲಿ ಗಂಡ ಮಾತಾಡುತ್ತಿದ್ದ. ಸುತ್ತ ಒಂಬತ್ತನೇ ತರಗತಿಯ ಮಕ್ಕಳು ಗಾಜಿಗೆ ಮೂಗು ಒತ್ತಿ, ಯಾವ ಕತ್ತಿಯಿಂದ ಯಾವ ಮೇಷ್ಟ್ರ ತಲೆ ತೆಗೆಯಬಹುದೆಂದು ಚರ್ಚೆ ಮಾಡುತ್ತಿದ್ದರು. ಏಣಿ ಎಂದರೆ ತರಗತಿಯಲ್ಲೆಲ್ಲ ಎತ್ತರದ ಹುಡುಗಿ. ಹೆಸರು ಮಕ್ಕಳೇ ಇಟ್ಟದ್ದು, ಈಗ ಮೇಷ್ಟ್ರುಗಳ ಬಾಯಲ್ಲೂ ಅದೇ. ಬೆಳಿಗ್ಗೆ ಬಸ್ಸು ಹತ್ತುವಾಗ ಪಿ.ಟಿ. ಮೇಷ್ಟ್ರು, ಇವಳೊಬ್ಬಳನ್ನು ಬಾವುಟದ ಹಾಗೆ ಮುಂದೆ ನಿಲ್ಲಿಸಿಕೊಂಡರೆ ಸಾಕು, ಉಳಿದವರು ಯಾರೂ ಕಳೆದುಹೋಗುವುದಿಲ್ಲ ಎಂದು ಎಲ್ಲರನ್ನೂ ನಗಿಸಿದ್ದರು. ಈಗ ಬಾವುಟವೇ ಕಳೆದುಹೋಗಿತ್ತು. ಅಂಗಳದಲ್ಲಿ ಊಟದ ಡಬ್ಬಿ ಹಿಡಿದು ಸಾಲಾಗಿ ನಿಂತ ಮಕ್ಕಳ ಮೇಲೆ ಅವಳು ಕಣ್ಣಾಡಿಸಿದಳು. ಎಲ್ಲ ತಲೆಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು.

ಹೂಂ ಅನ್ನುವುದು ಅವಳಿಗೆ ಮಾತಲ್ಲ, ಉಸಿರು. ಚಿಕ್ಕಂದಿನಲ್ಲಿ ಅಜ್ಜಿಯ ಕಥೆಗೆ ಹೂಂಗುಟ್ಟುವ ಕೆಲಸ ಅವಳದಾಗಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಗೋಡೆಗೆ ಹೇಳೋಕೆ ನನಗೇನು ಹುಚ್ಚೇ ಎಂದು ಅಜ್ಜಿ ಮಗ್ಗುಲು ಬದಲಿಸುತ್ತಿದ್ದಳು. ಆಗ ಅಣ್ಣ ಕಂಬಳಿಯೊಳಗಿಂದಲೇ ಚಿವುಟುತ್ತಿದ್ದ. ಹಾಗಾಗಿ ಅರೆನಿದ್ದೆಯಲ್ಲೂ ಸರಿಯಾದ ಜಾಗಕ್ಕೆ ಹೂಂ ಅನ್ನುವುದನ್ನು ಅವಳು ಕಲಿತಳು. ಈ ಕೂಸು ಎಂಥವರ ಮನೆಗೆ ಹೋದರೂ ಬದುಕುತ್ತದೆ ಎಂದು ಅಜ್ಜಿ ಮೆಚ್ಚಿಕೊಂಡಿದ್ದಳು, ಅದು ನಿಜವೂ ಆಯಿತು. ಮದುವೆ ಗೊತ್ತಾದದ್ದೂ ಹಾಗೆಯೇ. ಅವಳು ಅಪ್ಪನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಅಮ್ಮನ ಅಕ್ಕ, ದೊಡ್ಡಮ್ಮ, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು ಯಾರೋ ಹುಡುಗನ ವಿಷಯ ಹೇಳತೊಡಗಿದಳು. ಅವನ ಕೆಲಸ, ಅವನ ಹಲ್ಲಿನ ಸಾಲು, ಅವನ ತಾಯಿಯ ಸ್ವಭಾವ. ಕಾಲರಿನ ಮೂಲೆ ಸುಕ್ಕಾಗದಂತೆ ನೋಡಿಕೊಳ್ಳುತ್ತ ಇವಳು ಹೂಂ, ಹೂಂ ಅನ್ನುತ್ತಿದ್ದಳು. ದೊಡ್ಡಮ್ಮ ಎದ್ದುಹೋಗಿ ಹೊರಗೆ ಕೂತಿದ್ದ ನಾಲ್ಕು ಮಂದಿಗೆ, “ಹುಡುಗಿ ಒಪ್ಪಿದಾಳೆ” ಅಂದಳು. ಆ ನಾಲ್ಕು ಮಂದಿಯ ಮುಖದ ಮೇಲೆ ಮೂಡಿದ ಸಂತೋಷವನ್ನು ಒರೆಸಿ ಹಾಕಲು ಬೇಕಾಗುವಷ್ಟು ಮಾತು ತನ್ನ ಬಳಿ ಇಲ್ಲವೆಂದು ಅವಳಿಗೆ ಅನಿಸಿತು. ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಒಂದು ಗಳಿಗೆ ನಿಂತಳು, ಆಮೇಲೆ ಇನ್ನೊಂದು ಅಂಗಿ ತೆಗೆದುಕೊಂಡಳು.

ಯಾರೂ ಬಲವಂತ ಮಾಡಿರಲಿಲ್ಲ; ಬೈದುಕೊಳ್ಳಬೇಕೆಂದರೂ ಒಬ್ಬರಿರಲಿಲ್ಲ. ಗಂಡ ಕೆಟ್ಟವನಲ್ಲ. ಬೂಟು ಬಿಚ್ಚುವಾಗ ಶುರುವಾದ ಅವನ ಮಾತು ದೀಪ ಆರುವವರೆಗೂ ನಡೆಯುತ್ತದೆ, ಅಷ್ಟೆ. ಒಂದು ಸಲ ಅವಳನ್ನು ಪರೀಕ್ಷೆ ಮಾಡಲು, ಆಫೀಸಿನ ಜಗಳದ ನಡುವೆ, ನಾಳೆ ನಿನ್ನನ್ನ ಮಾರಿಬಿಡ್ತೀನಿ ಅಂದನಂತೆ. ಹೂಂ ಅಂದಳಂತೆ. ಮನೆಗೆ ಯಾರೇ ಹೊಸಬರು ಬಂದರೂ ಈ ಕಥೆ ಇದ್ದದ್ದೇ, ಕೊನೆಯಲ್ಲಿ ನಮ್ಮ ಕೋಲೆಬಸವ ಎಂಬ ಮಾತೂ ಇದ್ದದ್ದೇ. ಬಂದವರು ನಗುತ್ತಾರೆ, ಅವಳೂ ನಗುತ್ತಾಳೆ. ಯಾವುದನ್ನಾದರೂ ಅವಳು ಬೇಡವೆನ್ನಲು ಹೊರಟರೆ ಅವನು ನಿಜವಾದ ಆಶ್ಚರ್ಯದಿಂದ, ಅವತ್ತು ಹೂಂ ಅಂದಿದ್ದೆಯಲ್ಲ ಎನ್ನುತ್ತಾನೆ. ಮನೆ ಕೊಂಡದ್ದು ಹಾಗೆ, ಆ ಮನೆ ಅವನ ಅಣ್ಣನ ಮನೆಯ ಎದುರಿಗೇ ಇರುವುದು ಹಾಗೆ. ಅವನು ಸುಳ್ಳು ಹೇಳುವುದಿಲ್ಲ. ಅವಳು ಅಂದೇ ಇರುತ್ತಾಳೆ.

ಶಾಲೆಯಲ್ಲಿ ಮಕ್ಕಳು ಇದನ್ನು ಗಂಡನಿಗಿಂತ ಬೇಗ ಕಂಡುಹಿಡಿದಿದ್ದರು. ಉತ್ತರಪತ್ರಿಕೆ ತಿದ್ದುತ್ತಿರುವಾಗ ಎಡಕ್ಕೆ ನಿಂತು ಮೆಲ್ಲಗೆ ಕೇಳಿದರೆ ಸಾಕು. ಆಟದ ಬಯಲಿಗೂ ಹೂಂ, ಕ್ಯಾಂಟೀನಿಗೂ ಹೂಂ. ಬೆನ್ನ ಹಿಂದೆ ಅವಳ ಹೆಸರು ಹೂಂ ಮಿಸ್. ಕಳೆದ ವರ್ಷ ಚೆಂಡು ತರುತ್ತೇವೆಂದು ಕೇಳಿ ಇಬ್ಬರು ಮಾಳಿಗೆ ಹತ್ತಿದ್ದರು, ಒಬ್ಬ ಬಿದ್ದು ಕೈ ಮುರಿದುಕೊಂಡಿದ್ದ. ಹೆಡ್‌ಮಿಸ್ ಅವಳನ್ನು ಕೂರಿಸಿಕೊಂಡು, ಈ ಸಲ ಆಯ್ತು, ಇನ್ನೊಂದು ಸಲ ಹೀಗಾದರೆ ಉಳಿಸಿಕೊಳ್ಳುವುದು ತನ್ನ ಕೈಯಲ್ಲಿಲ್ಲ ಎಂದು ಬಹಳ ಮೃದುವಾಗಿ ಹೇಳಿದ್ದರು. ಆಗಲೂ ಅವಳು ಹೂಂ ಅಂದಿದ್ದಳು, ಮತ್ತು ಅಂದದ್ದು ಗೊತ್ತಾಗಿ ನಾಲಗೆ ಕಚ್ಚಿಕೊಂಡಿದ್ದಳು.

ಪಿ.ಟಿ. ಮೇಷ್ಟ್ರು ಹೊರಬಾಗಿಲ ಕಡೆ ಓಡಿದರು, ಅವಳು ಒಳಗೆ ಹೋದಳು. ಬೆಳಿಗ್ಗೆ ಗದ್ದಲದಲ್ಲಿ ಚಿಕ್ಕದಾಗಿ ಕಂಡಿದ್ದ ಕೋಣೆಗಳು ಈಗ ಬಾಗಿಲಿಗೊಂದು ಬಾಗಿಲು ತೆರೆದುಕೊಂಡು ಒಳಕ್ಕೆ ಎಳೆಯುತ್ತಿದ್ದವು. ಪಲ್ಲಕ್ಕಿಯ ಕೋಣೆ, ನಾಣ್ಯದ ಕೋಣೆ, ಯಾರೋ ಕೊಂದ ಪ್ರಾಣಿಗಳ ಕೊಂಬಿನ ಕೋಣೆ. ಪಾಲಿಶ್ ವಾಸನೆ. ಮುಟ್ಟಬೇಡಿ, ಕೂರಬೇಡಿ, ಒರಗಬೇಡಿ ಎಂಬ ಬೋರ್ಡುಗಳು. ಹುಡುಗಿಯ ಹೆಸರು ಹಿಡಿದು ಕೂಗಬೇಕೆಂದುಕೊಂಡರೆ ಬಾಯಿಗೆ ಬಂದದ್ದು ಏಣಿ ಎಂಬುದೇ. ಆ ದೊಡ್ಡ ಕೋಣೆಯಲ್ಲಿ ಏಣಿ, ಏಣಿ ಎಂದು ಕೂಗಿದರೆ ನೋಡಿದವರು ಏನೆಂದುಕೊಂಡಾರು ಎಂದು ನಾಚಿಕೆಯಾಗಿ ಸುಮ್ಮನಾದಳು. ಇಂಥ ಹೊತ್ತಿನಲ್ಲೂ ನೋಡುವವರ ಚಿಂತೆ ತನಗೆ ಎಂದು ತನ್ನ ಮೇಲೆ ಹೇಸಿಗೆಯಾಯಿತು. ಹುಡುಗಿಗೆ ಏನಾದರೂ ಆಗಿದ್ದರೆ ಎಂಬ ಯೋಚನೆ ಒಮ್ಮೆ ಬರುತ್ತಿತ್ತು, ತನಗೇನಾಗುತ್ತದೆ ಎಂಬುದು ಎರಡು ಸಲ ಬರುತ್ತಿತ್ತು.

ಮಹಡಿಯ ಜಾಲಂದ್ರದ ಹತ್ತಿರ ನಿಂತಳು. ಕಡೆಯ ರಾಣಿ ಇದರ ಹಿಂದೆ ಕೂತೇ ಕೋಟೆಯನ್ನು ಶತ್ರುವಿಗೆ ಬಿಟ್ಟುಕೊಡಲು ಒಪ್ಪಿದ್ದಂತೆ; ರಾಣಿಯ ಒಪ್ಪಿಗೆಯಿಂದ ಕೋಟೆ ಶತ್ರುವಿನ ವಶವಾಯಿತು ಎಂಬುದು ಪ್ರತಿವರ್ಷದ ಒಂದು ಅಂಕದ ಪ್ರಶ್ನೆ. ತರಗತಿಯಲ್ಲಿ ಇದನ್ನು ಬರೆಸುತ್ತಿದ್ದಾಗ ಕೊನೆಯ ಬೆಂಚಿನಿಂದ ಏಣಿ ಎದ್ದು ನಿಂತು, ರಾಣಿ ಒಪ್ಪಿದ್ದನ್ನ ಯಾರು ಕೇಳಿಸ್ಕೊಂಡ್ರು ಮಿಸ್, ಮಂತ್ರಿ ಹೊರಗೆ ಬಂದು ಹೇಳಿದ್ದಲ್ವಾ ಎಂದು ಕೇಳಿದ್ದಳು. ಅವಳು ಹೂಂ, ಕೂತ್ಕೋ ಅಂದಿದ್ದಳು. ಈಗ ಜಾಲಂದ್ರದ ತೂತಿಗೆ ಕಣ್ಣಿಟ್ಟರೆ ಅಂಗಳ ಚೂರುಚೂರಾಗಿ ಕಂಡಿತು. ಒಂದು ತೂತಿನಲ್ಲಿ ತೆರೆದ ಡಬ್ಬಿ, ಒಂದರಲ್ಲಿ ಯಾರದೋ ರಿಬ್ಬನ್ನು, ಒಂದರಲ್ಲಿ ಬಸ್ಸಿನ ಚಕ್ರಕ್ಕೆ ಒರಗಿ ತೂಕಡಿಸುವ ಡ್ರೈವರ್. ಮತ್ತೆ ಆ ಗಳಿಗೆಗೆ ಹೋದಳು. ಬಲಗಿವಿಯಲ್ಲಿ ಗಂಡ ತನ್ನ ಸೋದರತ್ತೆಯ ವಿಷಯ ಹೇಳುತ್ತಿದ್ದ. ಅತ್ತೆಗೆ ಈಗ ಒಬ್ಬಳೇ ಇರೋಕಾಗಲ್ಲ, ಆ ಮೂಲೆ ಕೋಣೆ ಸುಮ್ಮನೆ ಬಿದ್ದಿದೆ, ನಿನ್ನ ಮೇಜು ನಡುಮನೆಗೆ ಹಾಕಿದರಾಯ್ತು, ಅಲ್ವಾ. ಆ ಕೋಣೆ ಸುಮ್ಮನೆ ಬಿದ್ದಿರಲಿಲ್ಲ. ಆ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ಅವಳು ಕೂರುವ ಜಾಗ ಅದೊಂದೇ. ಏನೂ ಮಾಡದೆ, ಯಾರಿಗೂ ಹೂಂ ಅನ್ನದೆ ಕೂರುವ ಜಾಗ. ಬೇಡ ಅನ್ನಬೇಕೆಂದು ಅವಳು ಉಸಿರು ಎಳೆದುಕೊಂಡದ್ದು ನಿಜ. ಆಗಲೇ ಎಡಗಡೆಯಿಂದ ಪಿಸುದನಿಯಲ್ಲಿ ಮಿಸ್ ಎಂದು ಯಾರೋ ಕೇಳಿದ್ದು. ಆ ಹೂಂ ಯಾವ ಕಿವಿಯದು ಎಂದು ಅವಳಿಗೆ ಈಗಲೂ ಗೊತ್ತಾಗಲಿಲ್ಲ. ಒಂದೇ ಏಟಿಗೆ ಕೋಣೆಯೂ ಹೋಯಿತು, ಹುಡುಗಿಯೂ ಹೋದಳು.

ಕೆಳಗಿಳಿದಾಗ ಪಿ.ಟಿ. ಮೇಷ್ಟ್ರು ಬೆವರುತ್ತ ಎದುರು ಬಂದರು. ಒಳ್ಳೆಯ ಮನುಷ್ಯ, ಕುತ್ತಿಗೆಯಲ್ಲಿ ಸೀಟಿ ಇಲ್ಲದಿದ್ದರೆ ಏನು ಮಾಡಬೇಕೆಂದು ತೋಚುವುದಿಲ್ಲ, ಇದ್ದರೆ ಊದುವುದು ಬಿಟ್ಟು ಬೇರೇನೂ ತೋಚುವುದಿಲ್ಲ. “ನಿಮ್ಮ ಹತ್ರ ಏನಾದ್ರೂ ಹೇಳಿ ಹೋದ್ಲಾ ಮೇಡಂ?” ಎಂದು ಕೇಳಿದರು.

“ಇಲ್ಲ...” ಅಂದಳು. ನೆನಪಿಲ್ಲ ಎಂದು ಮುಗಿಸಬೇಕೆಂದಿದ್ದಳು. ಆದರೆ ಇಲ್ಲ ಎಂಬುದು ಕಿವಿಗೆ ಬೀಳುತ್ತಲೇ ಅವರು ತಿರುಗಿ, ಯಾರನ್ನೂ ಕೇಳಿಲ್ಲ ನೋಡಿ, ಈಗಿನ ಮಕ್ಕಳಿಗೆ ಭಯ ಅನ್ನೋದೇ ಇಲ್ಲ ಎಂದು ಟಿಕೆಟಿನವನಿಗೆ ಹೇಳುತ್ತ ಹೊರಟಾಗಿತ್ತು. ಅರ್ಧ ಮಾತು ಅವರ ಬೆನ್ನ ಹಿಂದೆ ಉಳಿಯಿತು. ಹಿಂದೆಯೇ ಹೋಗಿ ತೋಳು ಹಿಡಿದು ನಿಲ್ಲಿಸಬಹುದಿತ್ತು. ಹತ್ತು ಹೆಜ್ಜೆಯೂ ಇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಎಷ್ಟು ಸಲ ಕಾಪಿ ಬರೆಸಿದ್ದಳೋ. ಆಡದೆ ಉಳಿದ ಮಾತಿನ ಬಗ್ಗೆ ಗಾದೆ ಮಾಡಿದವರು ಏನೂ ಹೇಳಿರಲಿಲ್ಲ.

ಹುಡುಗಿ ತಾನಾಗಿಯೇ ಬಂದಳು. ಓಡಿಬರಲಿಲ್ಲ, ಕಳ್ಳಹೆಜ್ಜೆಯನ್ನೂ ಇಡಲಿಲ್ಲ. ಎದುರಿನ ಬೀದಿ ದಾಟಿ, ಅಂಗಡಿಯಿಂದ ಬರುವವರ ಹಾಗೆ ಉದ್ದುದ್ದ ಕೈ ಬೀಸಿಕೊಂಡು ದೊಡ್ಡ ಬಾಗಿಲಲ್ಲಿ ಕಾಣಿಸಿಕೊಂಡಳು. ಸಮವಸ್ತ್ರದ ಹೆಗಲ ಮೇಲೆ ಒದ್ದೆ ಕಲೆಯಿತ್ತು. ನೇರವಾಗಿ ಅವಳ ಹತ್ತಿರ ಬಂದು, “ಹೇಳಿದ ಹೊತ್ತಿಗೇ ಬಂದೆ ಅಲ್ವಾ ಮಿಸ್?” ಎಂದು ನಕ್ಕಳು. ಅಂಥ ನಗುವನ್ನು ಅವಳು ಬಹಳ ದಿನದಿಂದ ಕಂಡಿರಲಿಲ್ಲ. ಒಂದು ಗುಟ್ಟನ್ನು ಪಾಲು ಮಾಡಿಕೊಂಡವರು ನಗುವ ನಗು. ಅಷ್ಟರಲ್ಲಿ ಸೀಟಿ ಮೊಳಗಿತು. ಯಾರನ್ನ ಕೇಳಿ ಹೋದೆ ಎಂದು ಪಿ.ಟಿ. ಮೇಷ್ಟ್ರು ಎಲ್ಲರ ಮುಂದೆ ಕೂಗಿದರು. ಮಿಸ್‌ನ ಕೇಳಿದೆ, ಹೂಂ ಅಂದ್ರು, ಎಂದಳು ಹುಡುಗಿ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ಹರಡಿ ಇಡೀ ಅಂಗಳ ನಕ್ಕಿತು. ಹೂಂ, ಹೂಂ ಎಂದು ಹಿಂದಿನಿಂದ ಒಬ್ಬ ಅವಳದೇ ರಾಗದಲ್ಲಿ ಅಂದು ತೋರಿಸಿದ. ಮೇಷ್ಟ್ರೂ ತುಟಿ ಬಿಗಿಹಿಡಿದುಕೊಂಡದ್ದು ಅವಳಿಗೆ ಕಂಡಿತು. ಆ ಹಳೇ ಉಪಾಯ ನನ್ನ ಹತ್ರ ಬೇಡ ಎಂದು ಗದರಿ, ಹೆಡ್‌ಮಿಸ್‌ಗೆ ಫೋನು ಮಾಡಲು ಅವರು ಬಸ್ಸಿನ ನೆರಳಿಗೆ ಹೋದರು.

ಅವಳು ಹುಡುಗಿಯನ್ನು ಮೆಟ್ಟಿಲ ಪಕ್ಕಕ್ಕೆ ಕರೆದುಕೊಂಡು ಹೋದಳು. ಏನು ಕೇಳಿದೆ ನನ್ನನ್ನು ಎಂದು ಕೇಳಲು ನಾಚಿಕೆಯಾಯಿತು, ಆದರೂ ಕೇಳಿದಳು. ಹುಡುಗಿ ವಿಚಿತ್ರವಾಗಿ ನೋಡಿದಳು. ನೀವೇ ಅಲ್ಲಿದ್ದಿರಲ್ಲ ಎಂಬ ಹಾಗೆ. ಆಮೇಲೆ ಹೇಳಿದಳು. ಅವಳ ಅಕ್ಕ ಈ ಊರಿನಲ್ಲಿದ್ದಾಳೆ, ಎದುರಿನ ಬೀದಿಯ ಆಚೆಗೇ. ಮನೆಯವರಿಗೆ ಒಪ್ಪಿಗೆಯಿಲ್ಲದವನ ಜೊತೆ ಬಂದದ್ದಕ್ಕೆ ಅಪ್ಪ ಅವಳ ಪಾಲಿಗೆ ಬಾಗಿಲು ಮುಚ್ಚಿದ್ದಾರೆ. ಅವಳ ಹೆಸರೆತ್ತಿದರೆ ತಟ್ಟೆ ಬಿಟ್ಟು ಏಳುತ್ತಾರೆ. ಈಗ ಅಕ್ಕನಿಗೆ ಮಗುವಾಗಿದೆ.

“ಮಗು ನೋಡ್ಕೊಂಡು ಊಟದ ಹೊತ್ತಿಗೆ ಬರ್ತೀನಿ ಅಂದೆ. ಮನೇಲಿ ಗೊತ್ತಾಗೋದು ಬೇಡ ಅಂದೆ. ನೀವು ಹೂಂ ಅಂದ್ರಿ. ಎರಡು ಸಲ ಅಂದ್ರಿ ಮಿಸ್.” ಮೇಷ್ಟ್ರ ಕಡೆ ನೋಡಿ, “ಅಪ್ಪಂಗೆ ಗೊತ್ತಾದ್ರೆ ಸ್ಕೂಲ್ ಬಿಡಿಸ್ತಾರೆ. ಅಕ್ಕನ್ನ ಓದಿಸಿದ್ದೇ ತಪ್ಪಾಯ್ತು ಅಂತಾರೆ. ಅದಕ್ಕೇ ನಿಮ್ಮನ್ನ ಕೇಳಿ ಹೋಗಿದ್ದು. ಕೇಳಿ ಹೋದ್ರೆ ಕದ್ದು ಹೋದಂಗಲ್ವಲ್ಲ,” ಅಂದಳು.

ಉಳಿದ ಮಕ್ಕಳಿಗೆ ಅವಳ ಹೂಂ ಒಂದು ಬೀಗದಕೈ. ಅದನ್ನು ಮಾತೆಂದು ನಂಬಿದವಳು ಇವಳೊಬ್ಬಳೇ. ಹೇಳಬೇಕಾದದ್ದು ಬಹಳ ಸಣ್ಣದು: ಕೇಳಿದ್ದಳು, ನಾನೇ ಕಳಿಸಿದ್ದೆ. ಅಷ್ಟು ಅಂದರೆ ಹುಡುಗಿ ಹೋದದ್ದು ತಪ್ಪೇ ಅಲ್ಲ, ಯಾರೂ ಯಾರ ಮನೆಗೂ ಫೋನು ಮಾಡಬೇಕಿಲ್ಲ. ತನ್ನ ಕೆಲಸ ಹೋಗಬಹುದು. ಹೋದರೆ ಏನು ಎಂದು ಧೈರ್ಯವಾಗಿ ಕೇಳಿಕೊಂಡಳು. ಉತ್ತರ ತಡಮಾಡದೆ ಬಂತು. ಹೋದರೆ ನಡುಮನೆಯಲ್ಲಿ ಹಾಕಿದ ಮೇಜು, ಮೂಲೆ ಕೋಣೆಯಲ್ಲಿ ಸೋದರತ್ತೆಯ ಕೆಮ್ಮು, ಎದುರು ಮನೆಯ ಕಿಟಕಿಯಲ್ಲಿ ಓರಗಿತ್ತಿ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಹೂಂ. ಸ್ಟಾಫ್ ರೂಮಿನಲ್ಲಿ ಕಿಟಕಿಯ ಪಕ್ಕ ಅವಳದೊಂದು ಕುರ್ಚಿಯಿದೆ, ಒಂದು ಕಾಲು ಸ್ವಲ್ಪ ಗಿಡ್ಡ. ಲೋಕದಲ್ಲಿ ಅವಳದೆಂದು ಉಳಿದಿದ್ದ ಜಾಗ ಅದು.

“ಮೇಡಂ, ಹೆಡ್‌ಮಿಸ್,” ಎಂದು ಪಿ.ಟಿ. ಮೇಷ್ಟ್ರು ತಮ್ಮ ಫೋನನ್ನು ಚಾಚಿಕೊಂಡು ಬಂದರು. ಗದ್ದಲದಲ್ಲಿ ಕೇಳಿಸಲೆಂದು ಸ್ಪೀಕರ್ ಹಾಕಿದ್ದರು. ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ಹೆಡ್‌ಮಿಸ್ ಒಳ್ಳೆಯ ಮಾತುಗಾರ್ತಿ, ವಾಕ್ಯದ ನಡುವೆ ಬೇರೆಯವರು ಕಾಲಿಡುವಷ್ಟು ಜಾಗ ಬಿಡುವುದಿಲ್ಲ. ಮೊದಲು ಗಾಬರಿಯಾಗಬೇಡಿ ಅಂದರು. ಹೂಂ ಅಂದಳು. ಹುಡುಗಿ ಕ್ಷೇಮವಾಗಿ ಬಂದಳಲ್ಲ, ಅದು ದೊಡ್ಡದು ಅಂದರು. ಹೂಂ. ನಿಮ್ಮ ಮೇಲೆ ನನಗೆ ನಂಬಿಕೆ ಇದೆ, ಕಳೆದ ವರ್ಷದ್ದು ಮುಗಿದ ಮಾತು, ಅದನ್ನು ಎತ್ತುವುದಿಲ್ಲ ಅಂದರು. ಹೂಂ ಅಂದಳು. ಮಾತು ಒಮ್ಮೆ ನಿಲ್ಲಲಿ, ನಿಂತ ಕೂಡಲೇ ಹೇಳುತ್ತೇನೆ ಎಂದು ಅವಳು ಕಾಯುತ್ತಿದ್ದಳು. ಹೇಳಬೇಕಾದ ಮಾತನ್ನು ಬಾಯೊಳಗೆ ಜೋಡಿಸಿಟ್ಟುಕೊಂಡೂ ಇದ್ದಳು. ಹೆಡ್‌ಮಿಸ್ ಮಾತು ನಿಂತಿತು.

“ಅಂದ್ರೆ ಹುಡುಗಿ ನಿಮ್ಮನ್ನ ಕೇಳಿಲ್ಲ. ತಾನಾಗೇ ಹೋಗಿದಾಳೆ. ಹಾಗೇ ಅಲ್ವಾ?”

ಈ ಸಲ ಎರಡು ಕಿವಿಯೂ ಅಲ್ಲೇ ಇದ್ದವು. ಅಂಗಳದಲ್ಲಿ ಮಕ್ಕಳು ಡಬ್ಬಿ ಮುಚ್ಚುವ ಸದ್ದು, ಡ್ರೈವರ್ ಆಕಳಿಸಿದ್ದು, ಪಕ್ಕದಲ್ಲಿ ಹುಡುಗಿ ಉಸಿರು ಹಿಡಿದದ್ದು, ಎಲ್ಲ ಕೇಳಿಸಿತು. ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳಿಸಿತು.

“ಹೂಂ,” ಅಂದಳು.

ಸರಿ ಹಾಗಾದ್ರೆ, ನಾನೇ ಅವರಪ್ಪನಿಗೆ ಫೋನು ಮಾಡ್ತೀನಿ ಎಂದು ಹೆಡ್‌ಮಿಸ್ ಇಟ್ಟುಬಿಟ್ಟರು. ಪಿ.ಟಿ. ಮೇಷ್ಟ್ರು ಫೋನು ಜೇಬಿಗಿಳಿಸಿ, ನೀವು ತಲೆ ಕೆಡಿಸ್ಕೋಬೇಡಿ ಮೇಡಂ ಎಂದು ಸಮಾಧಾನ ಹೇಳಿದರು. ಹುಡುಗಿ ಅಳಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದಳು. ಸಿಟ್ಟಿನಿಂದಲ್ಲ, ಬೋರ್ಡಿನ ಮೇಲೆ ಬರೆದದ್ದನ್ನು ಒರೆಸುವ ಮೊದಲು ಇಳಿಸಿಕೊಳ್ಳುವವರ ಹಾಗೆ. ಬಾಯಿತಪ್ಪಿ ಬಂತು, ಅಭ್ಯಾಸ, ಎಂದು ಬಸ್ಸು ಹತ್ತುವಾಗ ಅವಳು ತನಗೆ ತಾನೇ ಹೇಳಿಕೊಂಡು ನೋಡಿದಳು. ಆ ನೆಪ ನಿಲ್ಲಲಿಲ್ಲ. ಜೀವಮಾನದಲ್ಲಿ ಪೂರ್ತಿ ಕೇಳಿಸಿಕೊಂಡು, ಅರ್ಥ ಮಾಡಿಕೊಂಡು, ಬೇಕೆಂದೇ ಅಂದ ಹೂಂ ಅದೊಂದೇ. ತಾನೂ ಒಬ್ಬ ದೊಡ್ಡಮ್ಮನೇ ಎಂದು ಅನಿಸಿತು. ಹೊರಗೆ ಬಂದು ಬೇರೆಯವರ ಪಾಲಿನ ಮಾತು ಹೇಳಿಬಿಟ್ಟವಳು.

ಮತ್ತೆಲ್ಲಾದರೂ ಹೋಗಿಬಿಟ್ಟಾಳು ಎಂದು ಪಿ.ಟಿ. ಮೇಷ್ಟ್ರು ಏಣಿಯನ್ನು ಅವಳ ಪಕ್ಕದ ಕಿಟಕಿ ಸೀಟಿನಲ್ಲಿ ಕೂರಿಸಿದರು. ದಾರಿಯುದ್ದಕ್ಕೂ ಹಿಂದಿನ ಮಕ್ಕಳು ಹಾಡಿದರು, ಆಮೇಲೆ ಒಬ್ಬೊಬ್ಬರಾಗಿ ಕುತ್ತಿಗೆ ವಾಲಿಸಿ ನಿದ್ದೆಹೋದರು. ಸೀಟು ಇಬ್ಬರಿಗೆ ಕಿರಿದಾಗಿತ್ತು. ಹುಡುಗಿಯ ಉದ್ದ ಮೊಣಕಾಲು ಮುಂದಿನ ಸೀಟಿಗೆ ಒತ್ತಿತ್ತು, ಅವಳ ಮೊಣಕೈ ಹುಡುಗಿಗೆ ತಾಗದಂತೆ ಇಟ್ಟುಕೊಳ್ಳಲು ಜಾಗವಿರಲಿಲ್ಲ. ಹೆಗಲಿನ ಒದ್ದೆ ಒಣಗಿ, ಹಾಲಿನ ಹುಳಿವಾಸನೆ ಬರುತ್ತಿತ್ತು. ಗಂಡನ ಸಂದೇಶ ಬಂದಿತ್ತು: ಅತ್ತೆಯ ಮಂಚ ಹಾಕಿ ಆಯ್ತು, ನಿನ್ನ ಮೇಜು ಬಾಗಿಲಲ್ಲಿ ಹಿಡಿಸದೆ ಕಾಲು ಬಿಚ್ಚಬೇಕಾಯ್ತು. ಓದಿ ಚೀಲಕ್ಕೆ ಹಾಕಿದಳು. ಅದೇ ಫೋನಿನಲ್ಲಿ ಹೆಡ್‌ಮಿಸ್ ನಂಬರೂ ಇತ್ತು. ಚೀಲದ ಮೇಲೆ ಕೈಯಿಟ್ಟುಕೊಂಡೇ ಕೂತಳು. ಇಷ್ಟು ಹೊತ್ತಿಗೆ ಮಾತಾಡಿರುತ್ತಾರೆ, ಈಗ ಮಾಡಿ ಪ್ರಯೋಜನವಿಲ್ಲ ಅಂದುಕೊಂಡಳು; ಮಾತಾಡದೆಯೂ ಇರಬಹುದು ಎಂದೂ ಅನಿಸಿತು. ಕೈ ತೆಗೆಯಲಿಲ್ಲ, ಒಳಗೂ ಹಾಕಲಿಲ್ಲ. ಹೊರಗೆ ದೀಪಗಳು ಹತ್ತತೊಡಗಿದ್ದವು, ಕಿಟಕಿಯ ಗಾಜಿನಲ್ಲಿ ಹುಡುಗಿಯ ಮುಖ ಬರುತ್ತ ಹೋಗುತ್ತ ಇತ್ತು. ಏನಾದರೂ ಹೇಳದೆ ಈ ದಾರಿ ಮುಗಿಯಬಾರದು ಎಂದು ಅವಳು ಚಡಪಡಿಸಿದಳು.

“ನಾಳೆ ಬೆಳಿಗ್ಗೆ ನಾನೇ ಹೋಗಿ ಹೇಳ್ತೀನಿ,” ಎಂದಳು ಮೆಲ್ಲಗೆ. “ನೀನು ಕೇಳಿದ್ದೆ, ನಾನು ಒಪ್ಪಿದ್ದೆ ಅಂತ.”

ಹುಡುಗಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. “ಹೂಂ,” ಅಂದಳು.

ಅವಳಿಗೆ ಎಷ್ಟು ಹಗುರವಾಯಿತೆಂದರೆ ಒಮ್ಮೆಗೇ ಮಾತು ಹೊರಟಿತು. ಬೇಕಾದರೆ ನಿಮ್ಮ ಮನೆಗೂ ಬರುತ್ತೇನೆ, ಅಪ್ಪನ ಹತ್ತಿರ ಕೂತು ಮಾತಾಡುತ್ತೇನೆ, ಶಾಲೆ ಬಿಡಿಸುವುದಕ್ಕೆ ನಾನು ಬಿಡುವುದಿಲ್ಲ, ನನ್ನ ಕೆಲಸ ಹೋದರೂ ಚಿಂತೆಯಿಲ್ಲ. ಹುಡುಗಿ ಹೂಂ ಅಂದಳು, ಹೂಂ ಅಂದಳು, ಮಾತು ತಡೆದಲ್ಲೆಲ್ಲ ಸರಿಯಾದ ಜಾಗಕ್ಕೆ ಹೂಂ ಅಂದಳು. ಅಷ್ಟು ಚೆನ್ನಾಗಿ ತನ್ನ ಮಾತಿಗೆ ಯಾರೂ ಯಾವತ್ತೂ ಹೂಂಗುಟ್ಟಿರಲಿಲ್ಲ. ಹುಡುಗಿಯ ಹೆಗಲಿನ ಕಲೆ ನೋಡುತ್ತ, ಬಹಳ ಪ್ರೀತಿಯಿಂದ ಕೇಳಿದಳು.

“ಮಗು ಯಾರ ಹಾಗಿದೆ?”

“ಹೂಂ,” ಅಂದಳು ಹುಡುಗಿ.